ಒಂದು ಕಾರ್ಡಿನಷ್ಟು ಸಂದು

ಮೂರನೆಯ ತಿರುವಿನಲ್ಲಿ ರೈಲು ಹಳಿ ತಪ್ಪಿ ಹನ್ನೊಂದು ಜನ ಸತ್ತರು. ತಪ್ಪನ್ನು ಹಳಿ ಗ್ಯಾಂಗಿನ ಮೇಸ್ತ್ರಿಯ ಮೇಲೆ ಹೊರಿಸಿದರು. ಬಿಸಿಲಿಗೆ ಹಿಗ್ಗುವ ಹಳಿಗಳ ನಡುವೆ ಬಿಡಬೇಕಾದ ಸಂದನ್ನು ಅವನು ಬಿಟ್ಟಿರಲಿಲ್ಲ ಎಂದು ವರದಿಯಲ್ಲಿ ಬರೆದರು. ಅವನು ಬಿಟ್ಟಿದ್ದ.

ಇಪ್ಪತ್ತಮೂರು ವರ್ಷ ಕಳೆದ ಮೇಲೆ ಅದೇ ತಿರುವನ್ನು ಒಂದು ಮೇಜಿನ ಮೇಲೆ ಹಾಕುವ ಕೆಲಸ ಆ ಮೇಸ್ತ್ರಿಯ ಮಗಳ ಕೈಗೆ ಬಂತು. ಮಾದರಿಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಅವಳು ಹತ್ತು ವರ್ಷದಿಂದ ದುಡಿಯುತ್ತಿದ್ದಳು. ಇನ್ನೂ ಪಾಯ ತೋಡದ ಆಸ್ಪತ್ರೆಗೆ ಬೆಂಕಿಪೊಟ್ಟಣದಷ್ಟು ಕೋಣೆ ಮಾಡುವುದು, ಇನ್ನೂ ಯಾರೂ ಕೊಳ್ಳದ ಮನೆಗಳ ಮುಂದೆ ಹಲ್ಲುಕಡ್ಡಿಯ ಮರ ನೆಡುವುದು, ಇಂಥ ಕೆಲಸ. ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡು ಒಂದೊಂದನ್ನೇ ತೆಗೆದು ಚುಚ್ಚುವುದು ಅವಳ ಅಭ್ಯಾಸ. ಹಾಗಾಗಿ ಅಲ್ಲಿ ಅವಳಿಗೆ ಪಿನ್ನಮ್ಮ ಎಂದೇ ಹೆಸರು. ಅವಳ ಬಾಯಲ್ಲಿ ಪಿನ್ನು ಇರುವುದರಿಂದಲೇ ಈ ಕಾರ್ಖಾನೆಗೆ ಶಾಂತಿ ಎಂದು ವೈರಿನ ಕೆಲಸದವನು ದಿನಕ್ಕೊಮ್ಮೆ ಹೇಳಿ ತಾನೇ ನಗುತ್ತಿದ್ದ. ಐವತ್ತು ದಾಟಿದ ಆಸಾಮಿ. ಅವನ ಹತ್ತಿರ ಬೇರೆ ಜೋಕು ಇರಲಿಲ್ಲ.

ರೈಲು ಕಂಪನಿಗೆ ನೂರು ವರ್ಷ ತುಂಬಿತ್ತು. ಹಳೆಯ ಟಿಕೆಟ್ ಹಾಲಿನಲ್ಲಿ ಕಂಪನಿಯವರು ಒಂದು ವಸ್ತುಸಂಗ್ರಹಾಲಯ ಮಾಡುತ್ತಿದ್ದರು. ಅದರಲ್ಲಿ ಒಂದು ಮೇಜಿಗೆ 'ಸುರಕ್ಷತೆಯ ಪಾಠ' ಎಂದು ಹೆಸರು. ಪುಟ್ಟ ರೈಲು ಸುತ್ತು ಹೊಡೆಯುತ್ತಿರಬೇಕು, ನೋಡಲು ಬಂದವರು ಕೆಂಪು ಗುಂಡಿ ಒತ್ತಿದರೆ ಮೂರನೆಯ ತಿರುವಿನಲ್ಲಿ ಹಳಿ ತಪ್ಪಿ ಬೀಳಬೇಕು. ಪಕ್ಕದಲ್ಲಿ ಹಿತ್ತಾಳೆಯ ಫಲಕ. ಅದರ ಬರಹವನ್ನು ಕಾರ್ಖಾನೆಯ ಯಜಮಾನ ಎಲ್ಲರಿಗೂ ಕೇಳುವಂತೆ ಓದಿದ: ‘ಒಬ್ಬ ಮೇಸ್ತ್ರಿ ಸಂದು ಬಿಡಲಿಲ್ಲ. ಹನ್ನೊಂದು ಜನ ಮನೆಗೆ ಮರಳಲಿಲ್ಲ.’ ಓದಿ, ಪ್ರಾಸವೂ ಕೂಡಿದೆ ನೋಡಿ ಎಂದ.

ಪಿನ್ನಮ್ಮ ತುಟಿಯಲ್ಲಿದ್ದ ಪಿನ್ನುಗಳನ್ನು ನಾಲಿಗೆಯ ತುದಿಯಿಂದ ಎಣಿಸಿದಳು. ಆರು ಇದ್ದವು. ಅವಳು ಯಾರ ಮಗಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಅಪ್ಪನ ಉದ್ಯೋಗ ಎಂಬಲ್ಲಿ ‘ಇಲ್ಲ’ ಎಂದಷ್ಟೇ ಬರೆದಿದ್ದಳು. ಸುಳ್ಳೇನಲ್ಲ. ಉದ್ಯೋಗವನ್ನು ಕಿತ್ತುಕೊಂಡ ಮೇಲೆ ಅಪ್ಪನಿಗೆ ಹೇಳಿಕೊಳ್ಳುವಂಥದ್ದೇನೂ ಉಳಿದಿರಲಿಲ್ಲ.

ಮನೆಗೆ ಹೋಗಿ ಹೇಳಿದಾಗ ಅಮ್ಮ ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ.

"ಕಾಗದದಲ್ಲಿ ಬರೆದಿದ್ದು ಸಾಲಲಿಲ್ವಂತಾ? ಈಗ ಹಿತ್ತಾಳೆಲಿ ಬೇರೆ ಕೆತ್ತಬೇಕಂತಾ?"

ಬೇಡ ಎನ್ನಲೇ ಎಂದು ಮಗಳು ಕೇಳಿದಳು. ನೀನು ಬೇಡ ಅಂದರೆ ಇನ್ನೊಬ್ಬರು ಹಾಕುತ್ತಾರೆ, ಹಳಿ ಹಾಕುವವರಿಗೆ ಬರವೇ, ಎಂದು ಅಮ್ಮ ಇನ್ನೊಂದು ಸೀರೆ ಎತ್ತಿಕೊಂಡಳು.

ಅಪ್ಪ ಸಂದು ಬಿಡದ ಮನುಷ್ಯನೇ? ಅವನು ಮನೆಯ ಗೋಡೆಗೆ ಮಂಚವನ್ನು ತಾಗಿಸಿ ಹಾಕಿದವನಲ್ಲ. ತಟ್ಟೆಗಳನ್ನು ಜೋಡಿಸಿದರೂ ತಟ್ಟೆತಟ್ಟೆಗೂ ನಡುವೆ ಬೆರಳು ತೂರುವಷ್ಟು ಜಾಗ. ‘ಬೇಸಿಗೆ ಬರುತ್ತೆ, ಜಾಗ ಬಿಡು’ ಎನ್ನುವುದು ಅವನ ಬಾಯಿಪಾಠ. ತಟ್ಟೆಗೆ ಯಾವ ಬೇಸಿಗೆ ಎಂದು ಅಮ್ಮ ರೇಗಿಸುತ್ತಿದ್ದಳು. ಸಂದು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿ ಅವನ ಬೀಗದಕೈ ಗೊಂಚಲಿನಲ್ಲೇ ನೇತಾಡುತ್ತಿತ್ತು. ಕೆಲಸದಿಂದ ತೆಗೆದು ಎಂಟು ದಿನದಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಿಸಿದಾಗ ಬೀಗದಕೈ ವಾಪಸು ಕೊಡುವ ಭರದಲ್ಲಿ ಆ ಪಟ್ಟಿಯೂ ಹೋಯಿತು. ಆಮೇಲೆ ಆರು ವರ್ಷ ಮರದ ಅಡ್ಡೆಯಲ್ಲಿ ಹಲಗೆ ಪೇರಿಸಿದ. ಅಲ್ಲಿಯೂ ಹಲಗೆಗಳ ನಡುವೆ ಜಾಗ ಬಿಡುತ್ತಿದ್ದನಂತೆ. ಅಡ್ಡೆಯವರು ನಗುತ್ತಿದ್ದರಂತೆ. ಏಳನೆಯ ಬೇಸಿಗೆಯನ್ನು ಅವನು ನೋಡಲಿಲ್ಲ.

ಪಿನ್ನಮ್ಮ ಕೆಲಸ ಹಿಡಿದಳು.

ಮೊದಲ ಜಗಳ ಯಾವ ಹಳಿ ತರಿಸಬೇಕು ಎನ್ನುವುದರ ಮೇಲೆ. ಮಾದರಿಯ ಹಳಿ ಎರಡು ಬಗೆಯಲ್ಲಿ ಬರುತ್ತದೆ. ಒಂದು, ತಯಾರಿಸಿದಲ್ಲೇ ಬಾಗಿಸಿ ಕಳಿಸಿದ ಗಟ್ಟಿ ತುಂಡು. ನೇರ ಇದ್ದರೆ ನೇರ, ಬಾಗು ಇದ್ದರೆ ಬಾಗು. ಮಕ್ಕಳ ಆಟಿಕೆಯಂತೆ ತುದಿಗೆ ತುದಿ ಸಿಕ್ಕಿಸಿದರೆ ಮುಗಿಯಿತು. ಇನ್ನೊಂದು, ಗಜದುದ್ದದ ಬಾಗುವ ಹಳಿ. ಕೈಯಲ್ಲಿ ಹಿಡಿದರೆ ಹಾವಿನ ಹಾಗೆ ಬಳುಕುತ್ತದೆ, ಬೇಕಾದಂತೆ ಬಾಗಿಸಿ ಪಿನ್ನು ಹೊಡೆಯಬೇಕು. ಗಟ್ಟಿ ತುಂಡುಗಳು ಎರಡು ಪೆಟ್ಟಿಗೆ ಗೋದಾಮಿನಲ್ಲೇ ಬಿದ್ದಿದ್ದವು, ಅವನ್ನೇ ಹಾಕು ಎಂದ ಯಜಮಾನ. ಪಿನ್ನಮ್ಮ ಗೋಣು ಅಲ್ಲಾಡಿಸಿದಳು. ಗಟ್ಟಿ ತುಂಡಿನಲ್ಲಿ ನೇರ ಹಳಿ ಮುಗಿದಲ್ಲಿಯೇ ಪೂರ್ತಿ ಬಾಗು ಶುರುವಾಗುತ್ತದೆ, ಉದ್ದ ಬೋಗಿಗಳು ಅಲ್ಲಿ ಮುಗ್ಗರಿಸುತ್ತವೆ. ಬಾಗುವ ಹಳಿಯಲ್ಲಾದರೆ ಮೊದಲು ಕೂದಲೆಳೆಯಷ್ಟು, ಆಮೇಲೆ ಇನ್ನಿಷ್ಟು, ಹೀಗೆ ಮೆಲ್ಲಗೆ ತಿರುಗಿಸಬಹುದು. ಬೋಗಿಗೆ ತಾನು ತಿರುಗಿದ್ದೇ ಗೊತ್ತಾಗಬಾರದು. ಇಷ್ಟನ್ನು ಅವಳು ಪಿನ್ನು ಕಚ್ಚಿಕೊಂಡೇ ಹೇಳಿದಳು. ಯಜಮಾನನಿಗೆ ಅರ್ಧ ತಿಳಿಯಿತು. ಆದರೂ ಬಾಗುವ ಹಳಿ ಬಂತು.

ಮೇಜಿಗೆ ಪ್ಲೈವುಡ್ ಬಿಗಿದು, ಅದರ ಮೇಲೆ ಪೆನ್ಸಿಲಿನಲ್ಲಿ ದಾರಿಯ ನಡುಗೆರೆ ಎಳೆದಳು. ಗೆರೆಯ ಎರಡು ಬದಿಗೆ ಕಾರ್ಕಿನ ಪಟ್ಟಿ ಅಂಟಿಸಿದಳು. ಹಳಿಯನ್ನು ಬಾಗಿಸಿದಾಗ ಒಳಬದಿಯ ಕಂಬಿ ಕೆಳಗಿನ ಅಡ್ಡಪಟ್ಟಿಗಳಾದ ಸ್ಲೀಪರುಗಳನ್ನು ದಾಟಿ ಮುಂದೆ ಚಾಚಿಕೊಳ್ಳುತ್ತದೆ. ಅದನ್ನು ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ, ಬೆರಳಿಗೆ ತರಚದಷ್ಟು ನಯ ಮಾಡಬೇಕು. ಪಿನ್ನನ್ನು ಪೂರ್ತಿ ಹೊಡೆಯಬಾರದು. ಹೊಡೆದರೆ ಸ್ಲೀಪರು ನಡು ತಗ್ಗಿ ಎರಡು ಕಂಬಿಗಳೂ ಒಳಕ್ಕೆ ವಾಲುತ್ತವೆ. ಹಳಿಗೆ ಹಳಿ ಸೇರಿಸುವಲ್ಲಿ ಸಂದಿಗೆ ಒಂದು ವಿಸಿಟಿಂಗ್ ಕಾರ್ಡು ಸಿಕ್ಕಿಸಿ, ಎರಡು ತುದಿಗಳನ್ನೂ ಹಿಡಿದಿಡುವ ಕೊಳವೆ ಹಾಕಿ, ಆಮೇಲೆ ಕಾರ್ಡು ಎಳೆದುಬಿಡುವುದು ಅವಳ ಕ್ರಮ. ಬೆಸುಗೆಯ ಶಾಖಕ್ಕೂ ಸೆಕೆಗೂ ಹಳಿ ಹಿಗ್ಗಿದರೆ ಹೋಗಲು ಅಷ್ಟು ಜಾಗ ಬೇಕು. ಯಜಮಾನನ ಹಳೆಯ ಕಾರ್ಡುಗಳು ಇದಕ್ಕೇ ಖರ್ಚಾಗುತ್ತಿದ್ದವು. ಯಜಮಾನರ ಹೆಸರು ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂದು ವೈರಿನವನು ಹೇಳಿದ. ಪರವಾಗಿಲ್ಲ, ಇನ್ನೊಂದು ಜೋಕು ಹುಟ್ಟಿತ್ತು.

ಆದರೆ ಮೂರನೆಯ ತಿರುವಿನ ನಕ್ಷೆಯನ್ನು ಬಿಚ್ಚಿದ ದಿನ ಅವಳ ಕೈ ನಿಂತಿತು. ಕಂಪನಿಯ ಮೊಹರಿದ್ದ ಆ ನಕ್ಷೆಯಲ್ಲಿ ತಿರುವು ಬೆಣ್ಣೆಯಲ್ಲಿ ಎಳೆದ ಹಾಗೆ ಮೆಲ್ಲಗೆ ಬಾಗಿತ್ತು. ಪಕ್ಕದಲ್ಲಿ ಖಾಲಿ ಬಯಲು. ಒಂದು ಜೋಡಣೆಗೆ ಕೆಂಪು ಬಾಣ ಹಾಕಿ ‘ಇಲ್ಲಿ ಸಂದು ಬೇಡ’ ಎಂದು ಬರೆದಿದ್ದರು.

ಅಲ್ಲಿ ಬಯಲಿರಲಿಲ್ಲ. ಅಲ್ಲಿ ಒಂದು ಗೋದಾಮಿತ್ತು, ಕಂಪನಿಯ ನಿರ್ದೇಶಕರೊಬ್ಬರ ಭಾವಮೈದುನನದು. ಅದರ ಗೋಡೆ ಹಳಿಯ ಮಗ್ಗುಲಿಗೇ ಬಂದು ನಿಂತಿತ್ತು. ತಿರುವು ಮೆಲ್ಲಗೆ ಶುರುವಾಗಲು ಬೇಕಿದ್ದ ಜಾಗವನ್ನು ಗೋಡೆ ತಿಂದಿತ್ತು. ನೇರ ಬಂದ ಹಳಿ ಗೋಡೆ ಮುಗಿದಲ್ಲಿ ಒಮ್ಮೆಗೇ ಮುರಿದ ಹಾಗೆ ಬಾಗುತ್ತಿತ್ತು. ಪಿನ್ನಮ್ಮನಿಗೆ ಇದು ಕೇಳಿದ ಕತೆಯಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅವಳೇ ಅಪ್ಪನ ಜೊತೆ ಹೋಗಿ ಅಲ್ಲಿ ದಾರದ ಇನ್ನೊಂದು ತುದಿ ಹಿಡಿದವಳು.

ಅದು ಗ್ಯಾಂಗಿನವರ ಅಳತೆ. ಉದ್ದದ ದಾರವನ್ನು ತಿರುವಿನ ಕಂಬಿಗೆ ಎರಡು ತುದಿಯಲ್ಲಿ ಒತ್ತಿ ಬಿಗಿಹಿಡಿದರೆ, ದಾರ ನೇರ ನಿಲ್ಲುತ್ತದೆ, ಕಂಬಿ ದೂರ ಸರಿಯುತ್ತದೆ. ನಡುವಿನ ಗಂಟಿನ ಹತ್ತಿರ ದಾರಕ್ಕೂ ಕಂಬಿಗೂ ಎಷ್ಟು ಬೆರಳು ಅಂತರ ಎಂದು ನೋಡಿ ಬರೆದುಕೊಳ್ಳಬೇಕು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಡಿಯಬೇಕು. ಒಳ್ಳೆಯ ತಿರುವಿನಲ್ಲಿ ಲೆಕ್ಕ ಮೆಟ್ಟಿಲು ಹತ್ತಿದ ಹಾಗೆ ಬರುತ್ತದೆ: ಸೊನ್ನೆ, ಒಂದು, ಮೂರು, ಐದು, ಏಳು. ಮೂರನೆಯ ತಿರುವಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ ಎಂದು ಬಂದು ಇದ್ದಕ್ಕಿದ್ದಂತೆ ಏಳು ಬಂತು. ಅಪ್ಪ ಇನ್ನೊಮ್ಮೆ ಹಿಡಿಸಿದ. ಮತ್ತೆ ಏಳು. ಅವನಿಗೆ ಅಕ್ಷರ ಅಷ್ಟಕ್ಕಷ್ಟೆ. ಮನೆಗೆ ಬಂದು ಮಗಳ ಕೈಯಲ್ಲೇ ಮೇಲಿನವರಿಗೆ ಅರ್ಜಿ ಬರೆಸಿದ. ಅಂಥ ಅರ್ಜಿ ಮೂರು ಹೋದವು. ಗೋಡೆ ಸರಿಸಿ, ಇಲ್ಲವೇ ಅಲ್ಲಿ ರೈಲಿನ ವೇಗ ಇಳಿಸಿ ಎಂದು ಮೂರರಲ್ಲೂ ಅದೇ ಮಾತು. ವಿಚಾರಣೆಯಲ್ಲಿ ಒಂದೂ ಸಿಗಲಿಲ್ಲ.

ನಕ್ಷೆಯಲ್ಲಿದ್ದಂತೆಯೇ ಅವಳು ಹಾಕಿದಳು. ಕೆಂಪು ಬಾಣದ ಜೋಡಣೆಯಲ್ಲಿ ಸಂದು ಬಿಡಲಿಲ್ಲ. ಕಾರ್ಡು ಎಳೆದುಬಿಡುವ ಬೆರಳುಗಳು ಅಲ್ಲಿ ಸುಮ್ಮನೆ ಗಾಳಿಯಲ್ಲಿ ನಿಂತವು.

ಮೊದಲ ಓಟ ನೋಡಲು ಸಾಹೇಬರು ಬಂದರು. ನಿವೃತ್ತ ಮುಖ್ಯ ಇಂಜಿನಿಯರು, ಈಗ ವಸ್ತುಸಂಗ್ರಹಾಲಯಕ್ಕೆ ಸಲಹೆಗಾರರು. ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಇಪ್ಪತ್ತಮೂರು ವರ್ಷದ ಹಿಂದೆ ಆ ವರದಿಯ ಕೊನೆಯ ಹಾಳೆಯಲ್ಲಿ ಇದ್ದದ್ದು ಇವರದೇ ರುಜು. ಆ ರುಜುವಿನ ಮೇಲೆ ಹತ್ತಿ ಅವರು ಬಹಳ ಎತ್ತರಕ್ಕೆ ಹೋಗಿದ್ದರು.

ಗುಂಡಿ ಒತ್ತಿದರು. ರೈಲು ವೇಗ ಹಿಡಿದು ಮೂರನೆಯ ತಿರುವಿಗೆ ಬಂತು. ಸಂದಿಲ್ಲದ ಜೋಡಣೆಯ ಮೇಲೆ ಹರಿದು, ಬಾಗಿ, ಸಲೀಸಾಗಿ ಆಚೆ ಹೋಯಿತು. ಮತ್ತೆ ಒತ್ತಿದರು. ಮತ್ತೆ ಹೋಯಿತು. ವೈರಿನವನು ಕರೆಂಟು ಹೆಚ್ಚಿಸಿದ. ಜಪ್ಪಯ್ಯ ಅಂದರೂ ಬೀಳಲಿಲ್ಲ.

"ಇದಕ್ಕೆ ಸಾಯೋ ಮನಸ್ಸಿಲ್ಲ ಸಾರ್," ಎಂದ ವೈರಿನವನು.

ಯಾರೂ ನಗಲಿಲ್ಲ. ಯಜಮಾನ ಬೆವರಿದ. ಸಾಹೇಬರು ಬಗ್ಗಿ ನೋಡಿ, ತುಂಬ ಚೆನ್ನಾಗಿ ಹಾಕಿದ್ದೀಯಮ್ಮ, ಅದೇ ತೊಂದರೆ ಎಂದರು. ಆ ಜೋಡಣೆಯ ಹತ್ತಿರ ಹೊರಗಿನ ಕಂಬಿಯ ಕೆಳಗೆ ಒಂದು ಪಿನ್ನು ಇಡು, ಗುಂಡಿ ಒತ್ತಿದಾಗ ಅದು ಮೇಲೆದ್ದು ಚಕ್ರವನ್ನು ಎತ್ತಲಿ. ಜನರಿಗೆ ಪಿನ್ನು ಕಾಣುವುದಿಲ್ಲ, ಫಲಕ ಕಾಣುತ್ತದೆ. ಸೋಮವಾರ ಬರುತ್ತೇನೆ ಎಂದು ಹೇಳಿ ಹೊರಟರು.

ಯಾವ ತಪ್ಪಿಗೆ ಒಬ್ಬನ ಬಾಳನ್ನೇ ತೆಗೆದರೋ ಆ ತಪ್ಪಿಗೆ ರೈಲು ಬೀಳುವುದಿಲ್ಲ ಎಂಬುದನ್ನು ಅವರ ಕಣ್ಣೆದುರೇ ರೈಲು ಏಳು ಸಲ ಹೇಳಿ ಹೋಗಿತ್ತು. ಅವರಿಗೆ ಕೇಳಿಸಿದ್ದು ಪಿನ್ನು ಬೇಕು ಎಂದಷ್ಟೆ.

ಭಾನುವಾರ ಬೆಳಗ್ಗೆ ಅವಳು ಅಮ್ಮನ ಟ್ರಂಕು ತೆಗೆಸಿದಳು. ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ಮೇಣ ಉಜ್ಜಿದ ದಾರದ ಉಂಡೆ ಇತ್ತು, ಮೂರು ಗಂಟಿನದು. ಜೊತೆಗೆ ಅಪ್ಪ ಅಳತೆ ಬರೆದಿಡುತ್ತಿದ್ದ, ಎಣ್ಣೆಗೈ ಅಂಟಿದ ಸಣ್ಣ ಪುಸ್ತಕ. ಅಮ್ಮ ಎರಡನ್ನೂ ಅವಳ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ದಾರದ ತುದಿಯನ್ನು ಬಿಡಲಿಲ್ಲ.

"ಏನ್ಮಾಡ್ತೀಯೆ?"

"ಇದ್ದದ್ದನ್ನ ಇದ್ದ ಹಾಗೆ ಹಾಕ್ತೀನಿ."

"ಕೆಲಸ ಹೋಗುತ್ತೆ."

"ಹೂಂ."

ಅಮ್ಮ ದಾರ ಬಿಟ್ಟಳು. ಡಬ್ಬಿ ಕಟ್ಟಿಕೊಡುತ್ತೇನೆ, ಹಸಿದುಕೊಂಡು ಕೂರಬೇಡ ಎಂದು ಅಡುಗೆಮನೆಗೆ ಹೋದಳು.

ಕಾರ್ಖಾನೆಯಲ್ಲಿ ಅವಳೊಬ್ಬಳೇ. ಮೂರನೆಯ ತಿರುವಿನ ಜಲ್ಲಿಪುಡಿಗೆ ನೀರು ಹನಿಸಿ ಗೋಂದು ನೆನೆಸಿದಳು. ಚಮಚದ ಹಿಡಿಯಿಂದ ಕೆರೆದು, ಪಿನ್ನುಗಳನ್ನು ಇಕ್ಕಳದಿಂದ ಕಿತ್ತು, ಅಷ್ಟು ಅಕ್ಕರೆಯಿಂದ ಬಾಗಿಸಿದ್ದ ಹಳಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಕಾರ್ಖಾನೆಯ ಗೋದಾಮಿನಿಂದ ಗಟ್ಟಿ ತುಂಡುಗಳ ಪೆಟ್ಟಿಗೆ ತಂದಳು. ತಾನೇ ಬೇಡವೆಂದು ಹಟ ಹಿಡಿದಿದ್ದ ಹಳಿ. ಅಪ್ಪನಿಗೆ ಸಿಕ್ಕಿದ್ದೂ ಇಂಥದ್ದೇ ದಾರಿ, ಅವನಿಗೆ ಆರಿಸಿಕೊಳ್ಳಲು ಎರಡು ಬಗೆಯ ಹಳಿ ಇರಲಿಲ್ಲ. ಮೇಜಿನ ಮೇಲೆ ಎಲ್ಲ ತಿರುವೂ ನಿಜಕ್ಕಿಂತ ಬಿಗಿಯೇ, ಅದು ಅವಳಿಗೂ ಗೊತ್ತು. ಎಷ್ಟು ಕುಗ್ಗಿಸಿದರೂ ನೇರಕ್ಕೂ ಬಾಗಿಗೂ ನಡುವೆ ಮೆಲ್ಲಗೆ ತಿರುಗುವ ಜಾಗ ಇಲ್ಲ ಎಂಬುದು ಮಾತ್ರ ಬದಲಾಗುವುದಿಲ್ಲ. ಪ್ರತಿ ಜೋಡಣೆಯಲ್ಲೂ ಕಾರ್ಡು ಸಿಕ್ಕಿಸಿ ಸಂದು ಬಿಟ್ಟಳು. ರಟ್ಟು ಕತ್ತರಿಸಿ ಗೋದಾಮಿನ ಗೋಡೆ ಎಬ್ಬಿಸಿ ಅಪ್ಪನ ಪುಸ್ತಕದಲ್ಲಿದ್ದ ದೂರಕ್ಕೆ ನಿಲ್ಲಿಸಿದಳು. ಕೊನೆಗೆ ಹೊಲಿಗೆ ದಾರ ಹಿಡಿದು ನೋಡಿದಳು. ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಒಮ್ಮೆಗೇ ಪೂರ್ತಿ.

ರೈಲು ಬಿಟ್ಟಳು. ಮೂರನೆಯ ತಿರುವಿನಲ್ಲಿ ಎರಡನೆಯ ಬೋಗಿ ತಲೆ ಎತ್ತಿ ಗೋಡೆಗೆ ಮಗ್ಗುಲಾಗಿ ಬಿತ್ತು. ಹನ್ನೊಂದು ಸಲ ಬಿಟ್ಟಳು. ಹನ್ನೊಂದು ಸಲವೂ ಅಲ್ಲೇ. ಅನ್ನದ ಡಬ್ಬಿ ತೆರೆಯುವುದನ್ನು ಮರೆತಿದ್ದಳು.

ಸೋಮವಾರ ಸಾಹೇಬರು ಗುಂಡಿ ಒತ್ತಿದರು. ರೈಲು ಬಿತ್ತು. ಯಜಮಾನ ಉಸಿರು ಬಿಟ್ಟ. ಸಾಹೇಬರು ಮೆಲ್ಲಗೆ ಚಪ್ಪಾಳೆ ತಟ್ಟಿ, ಎಷ್ಟು ಸಹಜವಾಗಿ ಬೀಳುತ್ತದೆ, ನನ್ನ ಕಣ್ಣಿಗೆ ಆವತ್ತಿನದೇ ಕಟ್ಟಿದ ಹಾಗಾಯಿತು ಎಂದರು. ಪಿನ್ನು ಎಲ್ಲಿಟ್ಟೆ ಎಂದು ಬಗ್ಗಿದರು.

ಪಿನ್ನು ಇರಲಿಲ್ಲ. ಬೆರಳಾಡಿಸಿದರು. ಜೋಡಣೆಯಲ್ಲಿ ಸಂದು ಇತ್ತು. ಆಗ ರಟ್ಟಿನ ಗೋಡೆಯನ್ನು ನೋಡಿದರು. ನೋಡುತ್ತಲೇ ಇದ್ದರು. ನೆಟ್ಟಗಾದಾಗ ಮೇಜಿನ ಅಂಚಿನಲ್ಲಿದ್ದ ದಾರದ ಉಂಡೆ ಕಣ್ಣಿಗೆ ಬಿತ್ತು. ಅಂಥ ದಾರ ಏನೆಂದು ಇನ್ನು ಯಾರಿಗೂ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿತ್ತು.

"ಇದು ಯಾರದಮ್ಮ?"

"ನಮ್ಮಪ್ಪಂದು ಸಾರ್. ಗ್ಯಾಂಗ್ ಮೇಸ್ತ್ರಿ."

ವೈರಿನವನು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಯಜಮಾನ ಒಮ್ಮೆ ಇವಳ ಮುಖ, ಒಮ್ಮೆ ಅವರ ಮುಖ ನೋಡಿದ. ಸಾಹೇಬರ ದನಿ ಮಾತ್ರ ಏರಲಿಲ್ಲ. ಅವರ ವೃತ್ತಿಯೇ ಹಾಗೆ, ದನಿ ಏರಿಸದೆ ಮನೆ ಖಾಲಿ ಮಾಡಿಸಿದವರು.

"ನಿನ್ನ ಸಂಕಟ ನನಗೆ ಅರ್ಥ ಆಗುತ್ತಮ್ಮ. ಆದರೆ ಇದು ಆಟಿಕೆ. ಆಟಿಕೆ ಬಿದ್ದರೆ ಅದು ಸಾಕ್ಷಿ ಆಗಲ್ಲ."

"ಹಾಗಾದ್ರೆ ಪಿನ್ನೂ ಸಾಕ್ಷಿ ಆಗಲ್ಲ ಸಾರ್."

"ಗೋಡೆ ಬಗ್ಗೆ ಯಾರೂ ಯಾವತ್ತೂ ದೂರು ಕೊಟ್ಟಿಲ್ಲ. ಕಡತದಲ್ಲಿ ಒಂದು ಚೀಟಿ ಇಲ್ಲ."

"ಮೂರು ಕೊಟ್ಟಿದ್ವಿ. ರೂಲ್ಡ್ ಹಾಳೆ, ನೀಲಿ ಶಾಯಿ. ಎರಡನೇದರಲ್ಲಿ ‘ವೇಗ’ ಅನ್ನೋದನ್ನ ತಪ್ಪು ಬರೆದು ಹೊಡೆದುಹಾಕಿ ಮೇಲೆ ಮತ್ತೆ ಬರೆದಿತ್ತು. ಬರೆದವಳು ನಾನೇ."

ಸಾಹೇಬರು ರೆಪ್ಪೆ ಬಡಿದರು. ಅಷ್ಟೇ. ಆದರೆ ಆ ಹೊಡೆದುಹಾಕಿದ ಅಕ್ಷರವನ್ನು ಅವರು ಎಲ್ಲೋ ಕಂಡಿದ್ದಾರೆ ಎಂಬುದು ಆ ಒಂದು ರೆಪ್ಪೆಯಲ್ಲಿ ಅವಳಿಗೆ ತಿಳಿದುಹೋಯಿತು. ಸಿಗಲಿಲ್ಲ ಎಂದಿದ್ದ ಅರ್ಜಿ ಸಿಕ್ಕಿತ್ತು. ಓದಿದ್ದರು. ಓದಿಯೇ ಆ ವರದಿ ಬರೆದಿದ್ದರು. ಇಪ್ಪತ್ತಮೂರು ವರ್ಷ ಅವಳು ಅದನ್ನು ಅಂಚೆಯವರ ತಪ್ಪು, ಗುಮಾಸ್ತರ ತಪ್ಪು, ತನ್ನ ಕೆಟ್ಟ ಅಕ್ಷರದ ತಪ್ಪು ಎಂದು ಎಷ್ಟು ಬಗೆಯಲ್ಲಿ ನಂಬಲು ನೋಡಿದ್ದಳು!

ಅವರು ಯಜಮಾನನ ಕಡೆ ತಿರುಗಿ, ಗೋಡೆ ಕಿತ್ತುಹಾಕಿಸಿ, ಮೊದಲಿನ ಹಳಿ ಹಾಕಿಸಿ, ಪಿನ್ನು ಇಡಿಸಿ, ನಾಡಿದ್ದು ಉದ್ಘಾಟನೆ ಎಂದರು. ಅವಳೊಡನೆ ಇನ್ನು ಮಾತಿಲ್ಲ ಎಂಬಂತೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು.

ಯಜಮಾನ ಅವಳ ಹತ್ತಿರ ಬಂದ. ಕೆಟ್ಟವನಲ್ಲ, ಹೆದರಿದವನು. ಹತ್ತು ವರ್ಷ ಅವಳ ಮೇಲೆ ಒಮ್ಮೆಯೂ ಕೂಗಾಡಿದವನಲ್ಲ. ಈ ಕೆಲಸ ಕೈತಪ್ಪಿದರೆ ಕಾರ್ಖಾನೆಯೇ ಮುಚ್ಚಬಹುದು, ನಿನ್ನ ಜೊತೆ ಇನ್ನೂ ಎಂಟು ಜನರ ಹೊಟ್ಟೆಪಾಡು, ಹೋದವರು ಹೇಗೂ ಹೋದರು ಎಂದು ಗುಟ್ಟಿನಲ್ಲಿ ಹೇಳಿದ. ಕೊನೆಗೆ ಇಕ್ಕಳವನ್ನು ಅವಳ ಕಡೆ ಚಾಚಿದ.

"ತೆಗಿ ಪಿನ್ನಮ್ಮ. ಇದೊಂದು ಸಲ."

ಅವಳು ವೈರಿನವನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿಕೊಂಡು, ಆಗಲೇ ಸರಿಯಾಗಿದ್ದ ಸ್ವಿಚ್ಚೊಂದನ್ನು ಸರಿಮಾಡುತ್ತಿದ್ದ. ಅವನನ್ನು ದೂರಲು ಅವಳಿಗೆ ಮನಸ್ಸಾಗಲಿಲ್ಲ. ಆವತ್ತು ವಿಚಾರಣೆಯ ಕೋಣೆಯಲ್ಲಿ ಅಪ್ಪನ ಗ್ಯಾಂಗಿನ ಹತ್ತು ಜನವೂ ಹೀಗೇ ಏನನ್ನೋ ಸರಿಮಾಡುತ್ತ ನಿಂತಿದ್ದರಂತೆ.

ತುಟಿಗಳ ನಡುವೆ ಉಳಿದಿದ್ದ ಪಿನ್ನುಗಳನ್ನು ಅವಳು ಒಂದೊಂದಾಗಿ ತೆಗೆದು, ಒಂದಕ್ಕೊಂದು ತಾಗದ ಹಾಗೆ ಜಾಗ ಬಿಟ್ಟು, ಮೇಜಿನ ಅಂಚಿನಲ್ಲಿ ಸಾಲಾಗಿಟ್ಟಳು. ಬಿದ್ದಿದ್ದ ಬೋಗಿಯನ್ನು ಎತ್ತಿ ಮತ್ತೆ ಹಳಿಯ ಮೇಲೆ ನಿಲ್ಲಿಸಿದಳು. ಇಕ್ಕಳ ಹಿಡಿದ ಯಜಮಾನನ ಕೈ ಇನ್ನೂ ಚಾಚಿಕೊಂಡೇ ಇತ್ತು.

"ತೆಗೆಯಲ್ಲ," ಎಂದಳು.